ಡಿಕ್ಕಿಯ ಮೇಲಿನ ಎರಡು ತೂತು

ಮೇಲೆ ತಗಡು, ಕೆಳಗೆ ತಗಡು, ನಡುವೆ ಕತ್ತಲೆ. ಆ ಕತ್ತಲೆಯಲ್ಲಿ ಮೊಣಕಾಲು ಮಡಿಸಿಕೊಂಡು ವೀಕ್ಷಾ ಮಲಗಿದ್ದಳು, ಒಂದು ಹಳೆಯ ಹೆರಾಲ್ಡ್ ಕಾರಿನ ಡಿಕ್ಕಿಯೊಳಗೆ.

ಇದೇನು ಅವತಾರ ಎಂದು ಗಾಬರಿಯಾಗಬೇಡಿ. ಅದು ಅವಳ ಕೆಲಸ.

ಚೆನ್ನೈನ ಅಂಬತ್ತೂರಿನಲ್ಲಿ, ಕೈಗಾರಿಕಾ ಎಸ್ಟೇಟಿನ ಹಿಂದಿನ ಸಾಲಿನಲ್ಲಿ ಸುಶಮೀಂದ್ರ ಎಂಬವರ ಶೆಡ್ ಇದೆ. ಹಳೆಯ ಕಾರುಗಳನ್ನು ಬಿಚ್ಚಿ, ತುಕ್ಕು ತೆಗೆದು, ಮತ್ತೆ ಹೊಸದರಂತೆ ಜೋಡಿಸುವ ಜಾಗ. ಯಾವ ಕಾರು ಬಂದರೂ ಮೊದಲು ನೀರಿನ ಪರೀಕ್ಷೆ. ಒಬ್ಬರು ಹೊರಗೆ ಪೈಪು ಹಿಡಿದು ನೀರು ಹಾಯಿಸಬೇಕು, ಒಬ್ಬರು ಒಳಗೆ ಮಲಗಿ ಎಲ್ಲಿಂದ ಹನಿ ಬರುತ್ತದೆ ಎಂದು ನೋಡಬೇಕು. ಒಣಗಿದ್ದರೆ ಒಳಗಿನಿಂದ ಒಂದು ಸಲ ತಟ್ಟುವುದು, ನೀರು ಬಂದರೆ ಎರಡು ಸಲ.

ವೀಕ್ಷಾ ಟಾರ್ಚ್ ಆರಿಸಿ ಕಣ್ಣು ಪಳಗಲು ಬಿಟ್ಟಳು. ನಿಧಾನವಾಗಿ ತಲೆಯ ಮೇಲೆ ಎರಡು ಬೆಳಕಿನ ಚುಕ್ಕಿ ಕಾಣಿಸಿದವು. ಡಿಕ್ಕಿಯ ಮುಚ್ಚಳದಲ್ಲಿ, ನಾಲ್ಕು ಬೆರಳಿನಷ್ಟು ಅಂತರದಲ್ಲಿ, ಎರಡು ತೂತು. ಹೊರಗಿನಿಂದ ನೋಡುವವರ ಎಡಗಡೆಯದು ಕೊಂಚ ಮೇಲಕ್ಕೆ.

ಅವಳು ಎರಡು ಸಲ ತಟ್ಟಿದಳು. ಹೊರಗೆ ಉತ್ತರವಿಲ್ಲ. ಪೈಪು ಹಿಡಿದಿದ್ದ ಪೇಂಟರ್ ಅಜಯ್ ಯಾರದೋ ಫೋನು ಬಂತೆಂದು ಆಚೆ ಹೋಗಿದ್ದ. ಅವಳು ಮತ್ತೆ ಎರಡು ಸಲ ತಟ್ಟಿದಳು, ಈ ಸಲ ಸಿಟ್ಟಿನಿಂದ.

ಆಗ ಒಂದು ಚುಕ್ಕಿ ಆರಿಹೋಯಿತು.

ಆರಿದ್ದಲ್ಲ... ಅಲ್ಲೊಂದು ಕಣ್ಣು ಬಂದು ಕೂತಿತ್ತು. ಆ ಕಣ್ಣು ರೆಪ್ಪೆ ಬಡಿಯಿತು. ಇವಳೂ ಬಡಿದಳು. ಮರುಕ್ಷಣ ಮುಚ್ಚಳ ತೆರೆದು, ಬೆಳಕು ಮುಖಕ್ಕೆ ಹೊಡೆದು, ಆ ಬೆಳಕಿನಲ್ಲಿ ನೀಲಿ ಶರ್ಟಿನ ಒಬ್ಬ ಗಂಡಸು ಬಾಯಿ ತೆರೆದು ನಿಂತಿದ್ದ.

"ನೀವು ಎಂತ ಮಾಡ್ತಾ ಇದ್ದೀರಿ ಒಳಗೆ?"

ಕನ್ನಡ. ಅದೂ ಕರಾವಳಿಯ ಕನ್ನಡ. ವೀಕ್ಷಾಗೆ ಒಂದಕ್ಷರವೂ ಬಿಡದೆ ಅರ್ಥವಾಯಿತು. ಆದರೆ ಅವಳು ಉತ್ತರ ಕೊಟ್ಟದ್ದು ತಮಿಳಿನಲ್ಲಿ: ಈ ಕಾರು ಸೋರುತ್ತದೆ, ಎಲ್ಲಿ ಎಂದು ನೋಡುತ್ತಿದ್ದೇನೆ, ದಯವಿಟ್ಟು ಮುಚ್ಚಿ.

ಅವನು ಮರುಮಾತಿಲ್ಲದೆ ಮುಚ್ಚಿದ. ಬೇರೆ ಯಾರಾದರೂ ಆಗಿದ್ದರೆ ಹತ್ತು ಪ್ರಶ್ನೆ ಕೇಳುತ್ತಿದ್ದರು. ಇವನು ಪೈಪನ್ನು ತಾನೇ ಎತ್ತಿಕೊಂಡು, ಪ್ಯಾಂಟು ಮೊಣಕಾಲಿನವರೆಗೆ ನೆನೆಯುವ ತನಕ ನೀರು ಹಾಯಿಸಿದ. ಅಲ್ಲಿಗೇ ಅವಳಿಗೆ ಅವನು ಸ್ವಲ್ಪ ಹಿಡಿಸಿದ್ದ. ಒಪ್ಪಿಕೊಳ್ಳುವುದಕ್ಕೆ ಮಾತ್ರ ಬಹಳ ಕಾಲ ತೆಗೆದುಕೊಂಡಳು.

ಅವನು ಚರಣ್. ಕಾರಿನ ವಾರಸುದಾರ. ರಾಯಪುರಂನಲ್ಲಿ ಬಂದರಿನ ಗೇಟಿಗೆ ಹೋಗುವ ದಾರಿಯಲ್ಲಿ ಅವರದೊಂದು ಸಸ್ಯಾಹಾರಿ ಹೋಟೆಲು. ಉಡುಪಿಯ ಕಡೆಯಿಂದ ಬಂದ ಅವನ ತಂದೆ ಮಧ್ವರಾಜರು ಕಟ್ಟಿದ್ದು. ಅವರು ಹಿಂದಿನ ವರ್ಷ ತೀರಿಕೊಂಡರು. ಅಕ್ಕಿ ಬೇಳೆ ಹೊತ್ತು ಹೊತ್ತು ಸೊರಗಿದ್ದ ಅವರ ಕಾರು ಮಗನ ಪಾಲಿಗೆ ಬಂತು. ಕಂಪನಿಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಆಗಬೇಕು ಎಂದು ಚರಣ್ ಸುಶಮೀಂದ್ರರಿಗೆ ಹೇಳಿದ.

ಈ ಮಾತು ನೆನಪಿರಲಿ. ಮುಂದಿನ ರಾಮಾಯಣಕ್ಕೆಲ್ಲ ಅದೇ ಕಾರಣ.

ವೀಕ್ಷಾ ಆ ಮಾತನ್ನು ಅಕ್ಷರಶಃ ತೆಗೆದುಕೊಂಡಳು. ಹೊರಗಿನ ಮಿಂಚುವ ಪಟ್ಟಿಗಳು, ಹೆಸರಿನ ಲೋಹದಕ್ಷರಗಳು, ಅವುಗಳನ್ನು ಹಿಡಿಯುವ ಕ್ಲಿಪ್ಪು, ನಟ್ಟು, ಇವೆಲ್ಲ ಅವಳ ವಿಭಾಗ. ಪ್ರತಿ ಪಟ್ಟಿಗೂ ತಗಡಿನಲ್ಲಿ ತೂತಿರುತ್ತದೆ. ತೂತಿನ ಸುತ್ತ ಮೇಣದಂಥ ಸೀಲಂಟ್ ಹಚ್ಚದೆ ಪಟ್ಟಿ ಕೂರಿಸಿದರೆ ನೀರು ಅಲ್ಲಿಂದ ಒಳಗಿಳಿಯುತ್ತದೆ. ಹೊರಗೆ ಕಾರು ಕನ್ನಡಿಯಂತೆ ಹೊಳೆಯುತ್ತಿರುತ್ತದೆ, ಒಳಗೆ ಬಾಗಿಲಿನ ತಳ ಕೊಳೆಯುತ್ತಿರುತ್ತದೆ.

ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ಹೋಟೆಲಿನವರಿಗೆ ಸ್ವಲ್ಪ ಬಿಡುವು. ಚರಣ್ ಆ ಬಿಡುವನ್ನೆಲ್ಲ ಅಂಬತ್ತೂರಿನ ದಾರಿಗೆ ಸುರಿಯತೊಡಗಿದ. ಸ್ಟೀಲ್ ಡಬ್ಬಿಯಲ್ಲಿ ಒಂದು ದಿನ ಗೋಳಿಬಜೆ, ಒಂದು ದಿನ ಬನ್ಸ್. ಕಾರು ನೋಡಲು ಬಂದೆ ಎನ್ನುತ್ತಿದ್ದ. ಕಾರು ಅಲ್ಲೇ ಇರುತ್ತಿತ್ತು. ಅವನ ಕಣ್ಣು ಮಾತ್ರ ಬೇರೆಲ್ಲೋ.

ಒಂದು ದಿನ ಅವಳು ಲೋಹದಕ್ಷರಗಳಿಗೆ ಸೀಲಂಟ್ ಹಚ್ಚುವಾಗ ಅವನು ತಾನೂ ಮಾಡುತ್ತೇನೆಂದ. ಪ್ರತಿ ಅಕ್ಷರದ ಹಿಂದೆ ಸಣ್ಣ ಕಡ್ಡಿಗಳಿರುತ್ತವೆ. ಕಡ್ಡಿಯ ಬುಡಕ್ಕೆ ಸೀಲಂಟನ್ನು ಬಳೆಯಂತೆ ಸುತ್ತಿ ಒತ್ತಬೇಕು. ಹೆಚ್ಚಾದರೆ ಹೊರಗೆ ಉಕ್ಕುತ್ತದೆ, ಕಡಿಮೆಯಾದರೆ ಸೋರುತ್ತದೆ. ಚರಣ್ ಒಂದು ಉಂಡೆ ತೆಗೆದುಕೊಂಡು, ಅಂಗೈಯಲ್ಲಿ ತಟ್ಟಿ, ಹೆಬ್ಬೆರಳಿನಿಂದ ನಡುವೆ ತೂತು ಮಾಡಿ ಕಡ್ಡಿಗೆ ಇಳಿಸಿದ.

ಪುಟ್ಟದೊಂದು ಉದ್ದಿನ ವಡೆ.

ವೀಕ್ಷಾ ಬೇಡ ಬೇಡವೆಂದರೂ ನಕ್ಕುಬಿಟ್ಟಳು. ಆದರೆ ವಡೆ ಸರಿಯಾಗಿ ಕೂತಿತ್ತು. ಅಂದಿನಿಂದ ಇಬ್ಬರೂ ಎದುರುಬದುರು ಕೂತು ವಡೆ ತಟ್ಟಿದರು. ಅವನು ಕನ್ನಡದಲ್ಲಿ ಕೇಳುತ್ತಿದ್ದ, ಅವಳು ತಮಿಳಿನಲ್ಲಿ ಹೇಳುತ್ತಿದ್ದಳು. ಅವಳ ತಂದೆ ತಿರುಮಲೇಶ ಬಳ್ಳಾರಿ ಕಡೆಯವರು, ಪೆರಂಬೂರಿನ ರೈಲುಪೆಟ್ಟಿಗೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮನೆಯಲ್ಲಿ ಕನ್ನಡವೇ. ಆದರೆ ಚೆನ್ನೈನಲ್ಲೇ ಹುಟ್ಟಿ ಓದಿದ ವೀಕ್ಷಾಗೆ ಕಿವಿಗೆ ಬಂದ ಕನ್ನಡ ಬಾಯಿಗೆ ಬರುತ್ತಿರಲಿಲ್ಲ. ಚಿಕ್ಕವಳಿದ್ದಾಗ ಊರಿನ ಮದುವೆಯೊಂದರಲ್ಲಿ ಮಾತಾಡಿ ನಗೆಪಾಟಲಾಗಿದ್ದಳು. ಆಮೇಲೆ ಬಾಯಿಗೆ ಬೀಗ.

ಚರಣ್ ನಗುವವನಂತೆ ಕಾಣಲಿಲ್ಲ. ಅದಕ್ಕೇ ಅವಳಿಗೆ ಭಯವಾಗತೊಡಗಿತು. 'ಇವನು ಬಾರದ ದಿನ ನಾನು ಗೇಟಿನ ಕಡೆ ಯಾಕೆ ನೋಡ್ತೀನಿ?' ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿದ್ದೂ ಕೇಳಿಕೊಂಡಳು.

ಒಂದು ಮಧ್ಯಾಹ್ನ ಹೊರಡುವಾಗ ಅವನು, ಭಾನುವಾರ ಅಮ್ಮನನ್ನು ಕರೆದುಕೊಂಡು ಬರುತ್ತೇನೆ, ಅವರಿಗೆ ಕಾರು ತೋರಿಸಬೇಕು ಎಂದ.

ಅವನ ಅಮ್ಮ ಆ ಕಾರನ್ನು ಮೂವತ್ತು ವರ್ಷದಿಂದ ನೋಡುತ್ತಿದ್ದಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಹಾಗಾದರೆ ತೋರಿಸುವುದು ಯಾರನ್ನು... ಅವಳ ಕಿವಿ ಬಿಸಿಯಾಯಿತು. ಆಗಲಿ ಎಂದು ತಲೆಯಾಡಿಸಿದಳು.

ಆ ರಾತ್ರಿಯೇ ನಿರ್ಧಾರ ಮಾಡಿದಳು, ಅವನ ಹತ್ತಿರ ಕನ್ನಡದಲ್ಲಿ ಮಾತಾಡಬೇಕು. ಎರಡೇ ವಾಕ್ಯ ಸಾಕು. ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿದಳು, ಪಾಪ.

ಮರುದಿನ ಡಿಕ್ಕಿಯ ಮುಚ್ಚಳ ಬಣ್ಣ ಬಳಿಸಿಕೊಂಡು, ಪಾಲಿಶ್ ಆಗಿ, ತನ್ನ ಜಾಗಕ್ಕೆ ಬಂದಿತ್ತು. ಕಂದು ಕೆಂಪಿನ ಆ ಹೊಳಪಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಚರಣ್ ಬಂದು ಅದರ ಮುಂದೆ ನಿಂತ. ಅವನ ಮುಖ ಒಂದು ಥರ ಆಗಿತ್ತು. ಇಲ್ಲಿದ್ದ ತೂತುಗಳು ಎಲ್ಲಿ ಎಂದು ಕೇಳಿದ.

ವೀಕ್ಷಾ ಹೆಮ್ಮೆಯಿಂದ, ಕಲಿತದ್ದನ್ನೆಲ್ಲ ಒಟ್ಟು ಮಾಡಿ, ಅವನ ಜೊತೆ ತನ್ನ ಮೊದಲ ಕನ್ನಡ ಮಾತಾಡಿದಳು.

"ನಾನೇ ವೆಲ್ಡ್ ಮಾಡಿ ಮುಚ್ಚಿದೆ. ಯಾವ ಮುಟ್ಠಾಳ ಕೊರೆದಿದ್ದನೋ, ಆ ತೂತಿಂದಲೇ ಎಲ್ಲಾ ನೀರು."

ಚರಣ್ ತೂತಿದ್ದ ಜಾಗದ ಮೇಲೆ ಒಮ್ಮೆ ಅಂಗೈ ಆಡಿಸಿದ. ನುಣುಪಾಗಿತ್ತು, ಬೆರಳಿಗೆ ಏನೂ ಸಿಗಲಿಲ್ಲ. "ಹೌದು" ಎಂದ. ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಹೊರಟುಹೋದ.

ಭಾನುವಾರ ಯಾರೂ ಬರಲಿಲ್ಲ. ತಿರುಮಲೇಶ ಇಸ್ತ್ರಿ ಶರ್ಟು ತೊಟ್ಟು ಶೆಡ್ಡಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದವರು, ಮಧ್ಯಾಹ್ನವಾದ ಮೇಲೆ ಮಗಳ ಮುಖ ನೋಡದೆ, ಹಸಿವಾಗುತ್ತಿದೆ, ಮನೆಗೆ ಹೋಗೋಣ ಎಂದರು.

ಆಮೇಲೆ ಚರಣ್ ಶೆಡ್ಡಿನ ಕಡೆ ಸುಳಿಯಲಿಲ್ಲ. ಕೆಲಸ ಮುಗಿದರೆ ತಿಳಿಸಿ, ಡ್ರೈವರ್ ಕಳಿಸುತ್ತೇನೆ ಎಂದು ಸುಶಮೀಂದ್ರರಿಗೆ ಫೋನು ಮಾಡಿದನಂತೆ.

ವೀಕ್ಷಾ ಕೆಲಸ ನಿಲ್ಲಿಸಲಿಲ್ಲ. ಬಾಗಿಲ ಪಟ್ಟಿಯ ಕ್ಲಿಪ್ಪುಗಳಿಗೆ ಒಂದೊಂದಾಗಿ ಸೀಲಂಟ್ ತುಂಬಿದಳು. ಆದರೆ ತಲೆಯೊಳಗೆ ಸುಮ್ಮನಿರಲಾಗಲಿಲ್ಲ. 'ನನ್ನ ಉಗುರಿನ ಗ್ರೀಸು ಅವರಮ್ಮನಿಗೆ ಹಿಡಿಸಲಿಕ್ಕಿಲ್ಲ ಅಂತ ಅವನೇ ತೀರ್ಮಾನ ಮಾಡಿದನಾ? ಅಥವಾ ನನ್ನ ಕನ್ನಡ ಕೇಳಿ ಅಸಹ್ಯವಾಯಿತಾ? ಹಾಗಾದರೆ ಆಗಲಿ... ನನಗೇನು...' ನನಗೇನು ಎಂದುಕೊಂಡವಳ ಕಣ್ಣಿನಿಂದ ಒಂದು ಹನಿ ಸೀಲಂಟಿನ ಮೇಲೇ ಬಿತ್ತು. ಒರೆಸಿ ತೆಗೆದಳು, ಒದ್ದೆಯಿದ್ದರೆ ಅದು ಅಂಟುವುದಿಲ್ಲ.

ಮನೆಯಲ್ಲಿ ಆ ಸ್ಟೀಲ್ ಡಬ್ಬಿ ಅಡುಗೆಕಟ್ಟೆಯ ಮೇಲೆ ಕೂತಿತ್ತು. ಒಂದು ಸಂಜೆ ತಿರುಮಲೇಶ ಅದನ್ನು ತೊಳೆದು, ಒರೆಸಿ, ತುಂಬ ಸಕ್ಕರೆ ಹಾಕಿ ಮುಚ್ಚಿದರು. ಬೇರೆಯವರ ಡಬ್ಬಿಯನ್ನು ಖಾಲಿ ಹಿಂತಿರುಗಿಸಬಾರದಲ್ಲ. ಮಗಳ ಮುಂದೆ ತಂದಿಟ್ಟರು.

"ಕೊಟ್ಟು ಬಾ. ಯಾಕಂತ ಕೇಳದ ಹೆಂಗ ಗೊತ್ತಾಗ್ತದವ್ವಾ?"

ವೀಕ್ಷಾ ರಾಯಪುರಂಗೆ ಹೋದಾಗ ಹೋಟೆಲಿನಲ್ಲಿ ಊಟದ ಗದ್ದಲ ಇಳಿದಿತ್ತು. ಗಲ್ಲಾದಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬರು ಕೂತಿದ್ದರು. ಚರಣ್‌ನ ಅಮ್ಮ, ಗುಣವತಿ. ಡಬ್ಬಿ ಕಂಡದ್ದೇ ಅವರು ಕನ್ನಡಕದ ಮೇಲಿನಿಂದ ನೋಡಿದರು.

"ಡಿಕ್ಕಿಯಲ್ಲಿ ಮಲಗುವ ಹುಡುಗಿ ನೀನೇಯಾ?"

ಅಷ್ಟರಲ್ಲಿ ವೀಕ್ಷಾಳ ಕಣ್ಣು ಗೋಡೆಗೆ ಹೋಗಿತ್ತು. ಅಲ್ಲಿ ಮಧ್ವರಾಜರ ಫೋಟೋ. ಫೋಟೋದ ಕೆಳಗೆ ಅಂಗೈಯಗಲದ ಒಂದು ಸ್ಟೀಲ್ ತಗಡು. ಅದರ ಮೇಲೆ ಮೊಳೆಯಿಂದ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ಸೊಟ್ಟ ಅಕ್ಷರ: ಗುಣವತಿ. ಆ ಕಡೆ ಒಂದು, ಈ ಕಡೆ ಒಂದು ತೂತು. ನಡುವೆ ನಾಲ್ಕು ಬೆರಳಿನಂತರ. ಎಡಗಡೆಯದು ಕೊಂಚ ಮೇಲಕ್ಕೆ.

ಅಳೆಯಬೇಕಾಗಿರಲಿಲ್ಲ. ಡಿಕ್ಕಿಯ ಮೇಲೆ ಇದೇ ಅಂತರದಲ್ಲಿದ್ದ ಎರಡು ತೂತುಗಳನ್ನು ಮುಚ್ಚಿದ್ದು ಅವಳದೇ ಕೈ.

ಅವಳು ಅಲ್ಲಿದ್ದ ಕುರ್ಚಿಯಲ್ಲಿ ಕೂತಳು. ಗುಣವತಿ ನೀರು ತರಿಸಿ, ತಾವಾಗಿಯೇ ಕತೆ ಹೇಳಿದರು. ಕಾರು ಕೊಂಡ ಹೊಸದರಲ್ಲಿ ಹಿಂದಿನ ಹೆಸರಿನ ಪಟ್ಟಿ ಎಲ್ಲೋ ಬಿದ್ದುಹೋಗಿತ್ತಂತೆ. ಖಾಲಿ ಜಾಗದಲ್ಲಿ ಹೆಂಡತಿಯ ಹೆಸರು ಇರಲಿ ಎಂದು ಮಧ್ವರಾಜರಿಗೆ ತೋರಿತು. ಹೋಟೆಲಿನ ಮೊದಲ ಇಡ್ಲಿ ಪಾತ್ರೆಯ ಮುಚ್ಚಳವನ್ನು ಕತ್ತರಿಸಿ, ಒಂದು ಮಧ್ಯಾಹ್ನವಿಡೀ ಕೂತು ಕುಟ್ಟಿ, ಯಾರಿಂದಲೋ ಡ್ರಿಲ್ ತಂದು ತಾವೇ ಕೊರೆದು ಕೂರಿಸಿದರು. ಮುಂದಿನ ಮಳೆಗೆ ಡಿಕ್ಕಿಯಲ್ಲಿದ್ದ ಸಕ್ಕರೆ ಮೂಟೆ ಪಾನಕವಾಯಿತು.

"ಮುಚ್ಚಿ ಮಾರಾಯ್ರೆ ಅಂತ ಎಷ್ಟು ಬೈದದ್ದು ನಾನು. ಕೇಳಿದ್ರೆ ಉಂಟಲ್ಲ. ನೀನು ಮುಚ್ಚಿದ್ದು ಒಳ್ಳೇದೇ ಆಯ್ತು ಮಗಾ. ನನ್ನ ಹೆಸರು ಗೋಡೆ ಮೇಲೆ ಚೆಂದ ಉಂಟು."

ಅವರು ನಿಜವಾಗಿಯೂ ಹಾಗೇ ತಿಳಿದಿದ್ದರು. ವೀಕ್ಷಾ ಅಲ್ಲಿಗೇ ಎದ್ದು ಬಂದಿದ್ದರೆ ಯಾರೂ ಅವಳನ್ನು ದೂರುತ್ತಿರಲಿಲ್ಲ. ಆದರೆ ಅಂದು ಕನ್ನಡದಲ್ಲಿ ಆಡಿದ ಮಾತು ಅವಳನ್ನು ಏಳಗೊಡಲಿಲ್ಲ. ಹೋಗಿಯೂ ಹೋಗಿ ಯಾರನ್ನು ಅಂದುಬಿಟ್ಟೆ...

ಅಡುಗೆಮನೆಯ ಬಾಗಿಲಲ್ಲಿ ಚರಣ್ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಅಮ್ಮ ಏನೋ ನೆನಪಾದವರಂತೆ ಸಕ್ಕರೆ ಡಬ್ಬಿ ಎತ್ತಿಕೊಂಡು ಒಳಗೆ ಹೋದರು.

ಅವನೇ ಮೊದಲು ಮಾತಾಡಿದ.

"ನೀವು ಹೇಳಿದ್ದು ಸುಳ್ಳಲ್ಲ. ಆ ಒಂದು ವಿಷಯದಲ್ಲಿ ಅಪ್ಪ ಮುಟ್ಠಾಳರೇ. ಆದ್ರೆ ಹಾಗೆ ಅಮ್ಮ ಹೇಳಿದ್ರೆ ನಗು ಬರ್ತದೆ. ನಿಮ್ಮ ಬಾಯಲ್ಲಿ ಕೇಳಿದಾಗ ಎಂತದೋ ಆಯ್ತು."

ತಗಡು ಕಳೆದುಹೋಗಬಾರದೆಂದು ಕಾರನ್ನು ಶೆಡ್ಡಿಗೆ ಬಿಡುವ ಮೊದಲೇ ಅವನು ಬಿಚ್ಚಿಟ್ಟಿದ್ದನಂತೆ. ಕೆಲಸವಾದ ಮೇಲೆ ಮತ್ತೆ ಕೂರಿಸುವುದು ಎಂದುಕೊಂಡಿದ್ದ. ಇದ್ದ ತೂತು ಎಲ್ಲಿಗೆ ಹೋಗುತ್ತದೆ, ಹೇಳುವುದೇನಿದೆ ಎಂಬುದು ಅವನ ಲೆಕ್ಕ. ಕಂಪನಿಯವರು ಕೊರೆಯದ ತೂತು ಇರಲೇಕೂಡದು ಎಂಬುದು ಅವಳ ಲೆಕ್ಕ. ಇಬ್ಬರ ಲೆಕ್ಕವೂ ತಪ್ಪಿರಲಿಲ್ಲ. ಅದೇ ಗ್ರಹಚಾರ.

ಕಾರಿಗೆ ಕೈ ಹಾಕುವ ಮೊದಲು ಕೇಳಬೇಕಿತ್ತು, ಕೇಳಲಿಲ್ಲ, ತಪ್ಪಾಯಿತು ಎಂದು ಅವಳು ತಮಿಳಿನಲ್ಲೇ ಹೇಳಿದಳು. ಕನ್ನಡದ ಮೇಲೆ ನಂಬಿಕೆ ಹೋಗಿತ್ತು. ಆಮೇಲೆ ಗೋಡೆಯ ಕಡೆ ಕೈ ತೋರಿಸಿ, ನಾಳೆ ಮಧ್ಯಾಹ್ನ ಅದನ್ನು ತೆಗೆದುಕೊಂಡು ಬನ್ನಿ ಎಂದಳು.

ಬಣ್ಣ ಆಗಿದೆಯಲ್ಲ ಎಂದು ಅವನು ಅನುಮಾನಿಸಿದ. ಅವಳು ಬನ್ನಿ ಎಂದಷ್ಟೇ ಹೇಳಿ ಎದ್ದಳು.

ಬಣ್ಣ ಒಣಗಿದ ತಗಡಿಗೆ ಡ್ರಿಲ್ ಮುಟ್ಟಿಸಬಾರದು ಎಂಬುದು ಸುಶಮೀಂದ್ರರ ಶೆಡ್ಡಿನ ವೇದವಾಕ್ಯ. ಕೈ ಒಂದಿಷ್ಟು ಜಾರಿದರೆ ವಾರಗಟ್ಟಲೆಯ ಕೆಲಸ ಮಣ್ಣುಪಾಲು. ಅವರು ವೀಕ್ಷಾಗೆ ಅರ್ಧ ಗಂಟೆ ಬುದ್ಧಿ ಹೇಳಿದರು. ಅವಳು ಕೇಳುವವಳಲ್ಲ ಎಂದು ಗೊತ್ತಾದ ಮೇಲೆ, ಡ್ರಿಲ್ಲಿನ ಶಬ್ದ ತನ್ನ ಕಿವಿಗೆ ಬೀಳುವುದು ಬೇಡವೆಂದು ಅಜಯ್‌ನನ್ನೂ ಕರೆದುಕೊಂಡು ಟೀ ಅಂಗಡಿಗೆ ಹೊರಟುಹೋದರು.

ಚರಣ್ ತಗಡನ್ನು ಟವೆಲಿನಲ್ಲಿ ಸುತ್ತಿ ತಂದಿದ್ದ. ವೀಕ್ಷಾ ಡಿಕ್ಕಿಯ ಮುಚ್ಚಳ ಎತ್ತಿ ಒಳಮೈ ನೋಡಿದಳು. ಹೊರಗೆ ಗುರುತೇ ಇರಲಿಲ್ಲ. ಆದರೆ ಒಳಗೆ ವೆಲ್ಡಿನ ಎರಡು ಗಂಟು ಹಾಗೇ ಇದ್ದವು. ಅಲ್ಲಿಂದ ಅಳತೆ ತೆಗೆದು, ಮುಚ್ಚಳ ಇಳಿಸಿ, ಬಣ್ಣದ ಮೇಲೆ ಟೇಪು ಅಂಟಿಸಿ, ಪೆನ್ಸಿಲಿನಲ್ಲಿ ಎರಡು ಚುಕ್ಕಿ ಇಟ್ಟಳು.

ಡ್ರಿಲ್ ಕೈಗೆತ್ತಿಕೊಂಡಳು. ಇದು ಹೋದರೆ ಕಾರೊಂದೇ ಅಲ್ಲ, ಇವನೂ ಇನ್ನೊಮ್ಮೆ ಇತ್ತ ಬರುವುದಿಲ್ಲ ಎನ್ನಿಸಿತು. ಒಮ್ಮೆ ಉಸಿರು ಬಿಟ್ಟು, ಗುಂಡಿ ಒತ್ತಿದಳು.

ಮೊದಲ ತೂತು. ಬಣ್ಣ ಸಿಡಿಯಲಿಲ್ಲ.

ಎರಡನೆಯದಕ್ಕೆ ಡ್ರಿಲ್ ಹಿಡಿದಾಗ ಚರಣ್ ಬಗ್ಗಿ ನೋಡಿದ. ಎಡಗಡೆಯದು ಸ್ವಲ್ಪ ಮೇಲಾಯಿತಲ್ಲ, ಸಾಲು ತಪ್ಪುವುದಿಲ್ಲವೇ ಎಂದು ಕೇಳಿದ.

ಅವಳು ತಲೆ ಎತ್ತಲಿಲ್ಲ. ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿ ಹೇಳಿದಳು.

"ನಿಮ್ಮ ಅಪ್ಪ ಎಲ್ಲಿ ಕೊರೆದರೋ, ಅಲ್ಲೇ ಕೊರೀತೀನಿ."

ಚರಣ್ ಟವೆಲನ್ನು ಮಡಿಸುವುದು, ಬಿಡಿಸುವುದು ಮಾಡುತ್ತ ನಿಂತ.

ಅವಳು ತೂತಿನ ಅಂಚು ಉಜ್ಜಿ, ಬರಿ ಲೋಹಕ್ಕೆ ಪ್ರೈಮರ್ ಮುಟ್ಟಿಸಿ ಒಣಗಿಸಿದಳು. ಸೀಲಂಟಿನ ಉಂಡೆಯನ್ನು ಅವನ ಅಂಗೈಗಿಟ್ಟಳು. ಅವನು ತಟ್ಟಿದ ಎರಡು ವಡೆಗಳನ್ನು ತಗಡಿನ ಹಿಂದೆ ಕೂರಿಸಿ, ಬೋಲ್ಟು ತೂರಿಸಿ, ಒಳಗಿನಿಂದ ವಾಷರು, ಮತ್ತೆ ಸೀಲಂಟು, ನಟ್ಟು. ಸ್ಪ್ಯಾನರ್ ತಿರುಗಿಸಿದಂತೆ ಗುಣವತಿ ಎಂಬ ಸೊಟ್ಟ ಅಕ್ಷರಗಳು ಕಂದು ಕೆಂಪಿನ ಮೇಲೆ ಗಟ್ಟಿಯಾಗಿ ಕೂತವು.

ಉಳಿದದ್ದು ಪರೀಕ್ಷೆ. ವೀಕ್ಷಾ ಮೊದಲ ದಿನದಂತೆಯೇ ಮೊಣಕಾಲು ಮಡಿಸಿ ಡಿಕ್ಕಿಯೊಳಗೆ ಮಲಗಿದಳು. ಚರಣ್ ಮುಚ್ಚಳ ಹಾಕಿ ಪೈಪು ಎತ್ತಿಕೊಂಡ.

ಕತ್ತಲೆ. ಕಣ್ಣು ಪಳಗಿತು. ಒಂದು ಚುಕ್ಕಿ ಬೆಳಕೂ ಇಲ್ಲ. ತಲೆಯ ಮೇಲೆ ನೀರು ದಬದಬನೆ ಬೀಳುತ್ತಿತ್ತು. ಅವಳು ನಟ್ಟಿನ ಸುತ್ತ ಬೆರಳಾಡಿಸಿದಳು. ಒಣಗಿತ್ತು. ಇಷ್ಟು ಚೆನ್ನಾಗಿ ಮಾಡಿದ ಕೆಲಸಕ್ಕೆ ಅವಳಿಗೆ ಯಾಕೋ ಅಳು ಬಂತು.

ನೀರು ನಿಂತಿತು. ಒಂದು ಸಲ ತಟ್ಟಿದಳು.

ಮುಚ್ಚಳ ತೆರೆಯಲಿಲ್ಲ. ಹೊರಗೆ ಅವನು ಹತ್ತಿರ ಬಂದದ್ದು ಗೊತ್ತಾಯಿತು. ಅವನ ಸ್ವರ ತಗಡಿನ ಮೂಲಕ ಇಳಿದು ಬಂತು.

"ಇನ್ನೊಂದು ಕೇಳ್ಲಿಕ್ಕುಂಟು. ಈ ಭಾನುವಾರ ಅಮ್ಮನನ್ನು ಕರ್ಕೊಂಡು ಬರ್ಲಾ? ಕಾರು ನೋಡ್ಲಿಕ್ಕಲ್ಲ. ಸರಿ ಅಂತಾದ್ರೆ ಒಂದು ಸಲ ತಟ್ಟಿ. ಬೇಡ ಅಂತಾದ್ರೆ ಎರಡು."

ವೀಕ್ಷಾ ಕೈ ಎತ್ತಿದಳು. ಒಂದು ಸಲ ತಟ್ಟಿದರೆ ಮುಗಿಯಿತು. ಕತ್ತಲೆಯಲ್ಲಿ, ಮುಖ ತೋರಿಸದೆ, ಭಾಷೆಯ ಗೊಡವೆಯೇ ಇಲ್ಲದೆ... ಎಷ್ಟು ಸುಲಭ.

ಕೈ ಇಳಿಸಿದಳು.

"ತಟ್ಟಲ್ಲ" ಎಂದಳು, ಕನ್ನಡದಲ್ಲಿ, ಗಟ್ಟಿಯಾಗಿ. "ಬೇಡ ಅಂತ ಅಲ್ಲ. ಆನಾ ಇದು ತಟ್ಟಿ ಹೇಳೋದಲ್ಲ. ಮುಚ್ಚಳ ತೆಗೀರಿ."

'ಆದರೆ' ಎನ್ನುವಲ್ಲಿ ತಮಿಳಿನ 'ಆನಾ' ನುಸುಳಿತ್ತು. ಇಬ್ಬರೂ ಗಮನಿಸಲಿಲ್ಲ.

ಮುಚ್ಚಳ ತೆರೆಯಿತು. ಬೆಳಕಿನಲ್ಲಿ ಅವನು ನಿಂತಿದ್ದ, ಪ್ಯಾಂಟು ಮೊಣಕಾಲಿನವರೆಗೆ ನೆಂದಿತ್ತು. ಅವಳು ಎದ್ದು ಕೂತಳು. ಕೆನ್ನೆಯ ಮೇಲೆ ಸೀಲಂಟಿನ ಕರಿ, ಕೂದಲಲ್ಲಿ ಧೂಳು. ಇದ್ದಂತೆಯೇ ಅವನ ಮುಖ ನೋಡಿದಳು.

"ನೀವಂದ್ರೆ ನಂಗೆ ಇಷ್ಟ. ಮೊದಲ ದಿನ ಆ ತೂತಲ್ಲಿ ನಿಮ್ಮ ಕಣ್ಣು ಕಾಣಿಸ್ತಲ್ಲ, ಆವತ್ತಿಂದಲೇ. ಅಮ್ಮನ್ನ ಕರ್ಕೊಂಡು ಬನ್ನಿ. ನಮ್ಮಪ್ಪ ಮತ್ತೆ ಇಸ್ತ್ರಿ ಮಾಡ್ಕೋತಾರೆ."

ಚರಣ್ ನಗಲಿಲ್ಲ. ಅವಳ ಕನ್ನಡಕ್ಕೂ ನಗಲಿಲ್ಲ, ಮಾತಿಗೂ ನಗಲಿಲ್ಲ. ಅವಳನ್ನು ಇಳಿಸಲು ಕೈ ಚಾಚಿದ. ಆ ಕೈ ಹಿಡಿದುಕೊಂಡೇ ಅವಳು ಇಳಿದಳು, ಇಳಿದ ಮೇಲೂ ಬಿಡಲಿಲ್ಲ.

ಅವನು ತಗಡಿನ ಮೇಲಿನ ಅಮ್ಮನ ಹೆಸರಿನ ನೀರನ್ನು ಒರೆಸಿದ.

"ಆ ತೂತು ಈಗ ಪೂರ್ತಿ ಮುಚ್ಚಿಹೋಯ್ತಲ್ಲ ಮಾರಾಯ್ತಿ. ಇನ್ನು ನಿಮ್ಮನ್ನು ನೋಡುವುದು ಹೇಗೆ?"

"ಎದುರಿಗೇ ಇದ್ದೀನಲ್ಲ" ಎಂದಳು ವೀಕ್ಷಾ. "ನೋಡಿ."